ಬೂಷ್ಟಪ್ಪನವರ ಬೆಂಕಿಪೊಟ್ಟಣ

ನಿವೃತ್ತಿಯ ದಿನ ತಮ್ಮ ಗೌರವಾರ್ಥ ಏರ್ಪಾಡಾದ ಚಹಾಕೂಟದಲ್ಲಿ, ಸಿಗರೇಟನ್ನು ತುಟಿಗಿಟ್ಟು ಕೈಚಾಚಿದ ಹೊಸ ಅಧಿಕಾರಿಗೆ ಬೂಷ್ಟಪ್ಪನವರು ಬೆಂಕಿಪೊಟ್ಟಣ ಕೊಟ್ಟರು. ತೆರೆದರೆ ಕಡ್ಡಿಗಳ ಬದಲು, ಬಿಳಿ ಬೂಷ್ಟು ಹೊದ್ದ ಮೂರು ಸತ್ತ ಹುಳುಗಳು ಅಂಗೈಗೆ ಉದುರಿದವು. ಕೈ ಕೊಡವಿದ ರಭಸಕ್ಕೆ ಸಿಗರೇಟು ಚಹಾಕ್ಕೂ ಹುಳುಗಳು ನೆಲಕ್ಕೂ ಬಿದ್ದವು. ಬೂಷ್ಟಪ್ಪನವರ ಕೋಟಿನ ಎಡಜೇಬಿನ ಪೊಟ್ಟಣ ಪ್ರಯೋಗಶಾಲೆಯ ದೀಪಕ್ಕೆ, ಬಲಜೇಬಿನದು ಹುಳುವಿಗೆ. ಆ ದಿನದ ತಳಮಳದಲ್ಲಿ ಎಡಬಲ ಮರೆತಿತ್ತು. ಸನ್ಮಾನಿತರು ಮೇಜಿನ ಕೆಳಗೆ ಮಂಡಿಯೂರಿದರು.

ಜೊತೆಗೆ ಬಂದಿದ್ದ ನಾದಿನಿಗೆ ನಾಚಿಕೆಯಾಯಿತೇ ಹೊರತು ಆಶ್ಚರ್ಯವಾಗಲಿಲ್ಲ. ಲೋಕದಲ್ಲಿ ಹುಳುಕು ಹುಡುಕುವವರು ಬೇಕಾದಷ್ಟು. ಭಾವ ಹುಳು ಹುಡುಕುವವರು. ಎಲೆಯ ಅಡಿಮೈ ನೋಡಿ ನೋಡಿ ಬಾಗಿದ ಕತ್ತಿನಿಂದಾಗಿ ಅವರಿಗೆ ಎದುರು ಬಂದವರ ಮುಖಕ್ಕಿಂತ ಅವರ ಬೇಲಿಯ ಗಿಡದ ಪರಿಚಯವೇ ಹೆಚ್ಚು. ಕೀಟದ ಚರ್ಮದ ಮೇಲೆ ಮೊಳೆತು, ಒಳಗಿಳಿದು ಕೊಲ್ಲುವ ಶಿಲೀಂಧ್ರವನ್ನು ಬೆಳೆಸಿ, ವಿಷದ ಬದಲು ಹೊಲಕ್ಕೆ ಕೊಡುವುದು ಅವರ ಉದ್ಯೋಗ. “ಸಿಂಪಡಿಸಿ ಮೂರು ದಿನ ಆಯ್ತು ಸ್ವಾಮಿ, ಹುಳ ಇನ್ನೂ ಪಂಕ್ತೀಲಿ ಕೂತು ಉಣ್ತಾ ಇದೆ” ಎಂದು ಬೆಳೆಗಾರರು ಹಂಗಿಸಿದರೆ ಒಂದೇ ಉತ್ತರ: “ಕಾಯೋಣ.” ಹುಳು ಸತ್ತರೂ ಹಿಗ್ಗುತ್ತಿರಲಿಲ್ಲ; ಹೆಣವನ್ನು ಒದ್ದೆ ಕಾಗದದ ಮೇಲಿಟ್ಟು, ಒಳಗಿನಿಂದ ಬೂಷ್ಟು ಹೊರಬಂದರೆ ಮಾತ್ರ ಆ ಸಾವು ತಮ್ಮದೆಂದು ಒಪ್ಪುತ್ತಿದ್ದರು.

ಅವರು ಬೆಳೆಸುತ್ತಿದ್ದ ಬೂಷ್ಟಿನ ಮೂಲ ಸಿಕ್ಕಿದ್ದು ಹೆಂಡತಿಗೆ, ಎಲೆಕೋಸು ಹೆಚ್ಚುವಾಗ, ಸತ್ತ ಹುಳುವೊಂದರ ಮೈಮೇಲೆ. ಆ ಬಿಳಿ ಹೆಣವನ್ನು ಸೀಸೆಗೆ ಹಾಕಿ, ಮೇಲೊಂದು ಚೀಟಿ ಬರೆದು ಅಂಟಿಸಿ ಗಂಡನ ಕೈಗಿಟ್ಟಿದ್ದಳು. ಅವಳು ತೀರಿಕೊಂಡು ಹನ್ನೊಂದು ವರ್ಷ. ಪ್ರತಿಸಲ ಬೂಷ್ಟನ್ನು ಹೊಸ ಗಾಜಿನ ನಳಿಗೆಗೆ ದಾಟಿಸುವಾಗಲೂ ಅದೇ ಚೀಟಿಯನ್ನು ನೆನೆಸಿ, ಬಿಡಿಸಿ, ಅಂಟಿಸುತ್ತ ಬಂದಿದ್ದರು. ಮಸಿ ಮಾಸಿ ಅದೀಗ ಬರೀ ಕಲೆಯಾಗಿತ್ತು.

ಗಾಜಿನೊಳಗೆ ಸಕ್ಕರೆಗಂಜಿ ಉಂಡು ಕೂತ ಶಿಲೀಂಧ್ರ ಮನೆಅಳಿಯನಂತೆ ಮೈಗಳ್ಳನಾಗಿ ಕೊಲ್ಲುವ ಕಸುಬನ್ನೇ ಮರೆಯುತ್ತದೆ. ಆಗಾಗ ಜೀವಂತ ಹುಳುವಿನ ಮೈಯೊಳಗೆ ಹಾಯಿಸಿ ತಂದರಷ್ಟೇ ಅದಕ್ಕೆ ತನ್ನ ನೆನಪು. ಈ ವರ್ಷ ಎರಡು ಸಲ ಪ್ರಯತ್ನಿಸಿದರೂ ಹುಳುಗಳು ಕೊಬ್ಬಿದವೇ ವಿನಾ ಸಾಯಲಿಲ್ಲ. ನಿವೃತ್ತಿಯೊಳಗೆ ಕೊಂದು ತೋರಿಸದಿದ್ದರೆ ನಳಿಗೆಯನ್ನು ಕುದಿಸಿ ಚೆಲ್ಲುವುದೆಂದು ಹೊಸ ಅಧಿಕಾರಿಯ ಅಪ್ಪಣೆಯಾಗಿತ್ತು. ಆ ಬೆಳಿಗ್ಗೆಯಷ್ಟೇ ಮೂರು ಹೆಣಗಳು ಬೆಳ್ಳಗಾಗಿದ್ದವು. ಅವುಗಳಲ್ಲಿ ಎರಡು ಈಗ ಬೂಟಿನಡಿ ಅರೆದುಹೋಗಿದ್ದವು.

“ಇಲ್ಲಿದೆ ಭಾವ, ಕುರ್ಚಿ ಕಾಲ ಹತ್ತಿರ. ಏಳಿ ಇನ್ನು, ಮಂಡಿ ಹಿಡ್ಕೊಂಡಾವು.”

ಮೂರನೆಯದನ್ನು ಅಧಿಕಾರಿ ದೂರದಿಂದಲೇ ಪರೀಕ್ಷಿಸಿ, “ಇರ್ಲಿ, ನಳಿಗೆ ಫ್ರಿಜ್ಜಲ್ಲೇ ಇರ್ಲಿ” ಎಂದರು.

ಅಗಲಿದವರ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ ನೆಮ್ಮದಿಯಾಗುವವರಿದ್ದಾರೆ. ಈ ಕಾಯುವ ಕುಲದವರಿಗೆ ಅದು ಸಾಲದು. ಹೋದವರು ಬಿಟ್ಟುಹೋದ ಕೆಲಸ ಎಂದಿಗೂ ಮುಗಿಯದಂತೆ ನೋಡಿಕೊಳ್ಳುವುದೇ ಇವರ ಅನುರಾಗ.

ಕೂಟ ಮುಗಿದ ಮೇಲೆ ನಾದಿನಿ ಪ್ರಯೋಗಶಾಲೆಯ ಫ್ರಿಜ್ಜಿನಿಂದ ನಳಿಗೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಕನ ಅಕ್ಷರಗಳಲ್ಲಿ ಒಂದಾದರೂ ಕಂಡೀತೆಂಬ ಆಸೆ.

“ಅಕ್ಕ ಇದರ ಮೇಲೆ ಏನು ಬರೆದಿದ್ಲು, ಭಾವ?”

ಬೂಷ್ಟಪ್ಪನವರು ಪ್ಯಾಂಟಿನ ಮಂಡಿಧೂಳನ್ನು ನಿಧಾನವಾಗಿ ಕೊಡವಿದರು.

“‘ನಾಳೆ ತಪ್ಪದೆ ಎಸೆಯಿರಿ’ ಅಂತ.”