ಗುಂಡುಕಲ್ಲಿನ ಮೇಲೆ ಕೂತವಳು

ಕಲ್ಲು ಒತ್ತುತ್ತಿದೆ, ಸೊಂಟದ ಮೂಳೆಗೇ ಒತ್ತುತ್ತಿದೆ, ಒತ್ತಲಿ, ನಾನು ಏಳುವುದಿಲ್ಲ — ಕೋಣನಕುಂಟೆಯ ಅರ್ಧ ಊರು ಈ ಕೆರೆ ಏರಿಯ ಮೇಲೆ ನಿಂತು ನನ್ನನ್ನೇ ನೋಡುತ್ತಿದೆ, ಮುನಿವೆಂಕಟಮ್ಮನಿಗೆ ಅರಳುಮರಳು ಕಣೇ ಅಂತ ಗೌರಮ್ಮ ಯಾರ ಕಿವಿಯಲ್ಲೋ ಪಿಸುಗುಟ್ಟಿದಳು, ನನ್ ಕಿವಿ ಇನ್ನೂ ಸತ್ತಿಲ್ಲ ಕಣೇ ಗೌರಿ, ಸತ್ತವನು ನನ್ನ ಮೊಮ್ಮಗ. ಗೌರೀಶಂಕರ. ಜಯನಗರದಲ್ಲಿ ಯಾರದೋ ಹೊಸ ಮನೆಗೆ ಪಾಯ ತೋಡುತ್ತಿದ್ದ, ಮಣ್ಣು ಕುಸಿಯಿತು, ಅಷ್ಟೇ. ಇವತ್ತು ಅವನ ತಿಥಿ. ವಡೆ ಪಾಯಸ ಉಂಡು, ಕೈ ತೊಳೆದುಕೊಂಡು, ಎಲೆಅಡಿಕೆ ಹಾಕಿಕೊಂಡು ಬಂದಿದ್ದಾರೆ ಎಲ್ಲ, ಅವನ ಹೆಂಡತಿಯ ಬಳೆ ಒಡೆಯುವುದನ್ನು ನೋಡಲು. ಹಸಿರು ಬಳೆ. ಬನಶಂಕರಿ ಗುಡಿಯ ಮುಂದೆ ಬಳೆಗಾರ್ತಿಯ ಹತ್ತಿರ ಅವನೇ ಕೂರಿಸಿ ತೊಡಿಸಿದ್ದ, ನಿಧಾನ ಕಣಕ್ಕಾ ನೋಯುತ್ತೆ ಅಂತ ಪಂಕಜಾ ಕೈ ಎಳೆದುಕೊಂಡು ನಗುತ್ತಿದ್ದಳು, ಈಗ ಅದೇ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನೀರಿನ ಪಕ್ಕ ಕೂತಿದ್ದಾಳೆ, ತಲೆ ಎತ್ತುವುದಿಲ್ಲ, ಬೇಡ ಅಂತ ಅವಳು ಒಬ್ಬರಿಗೂ ಹೇಳಲಾರಳು, ಬೆಳಗ್ಗೆ ಒಲೆಯ ಮುಂದೆ ನನಗೊಬ್ಬಳಿಗೆ ಹೇಳಿದಳು, ಅಜ್ಜೀ, ಅವ್ರು ತೊಡಿಸಿದ್ದು, ಇದೊಂದು ಇರ್ಲಿ ಅಜ್ಜೀ. ಮೊದಲ ಏಟು ಹಾಕಬೇಕಾದವಳು ಮನೆಯ ಹಿರೀ ಮುಂಡೆ, ಅಂದರೆ ನಾನು, ನಾನು ಶುರು ಮಾಡದೆ ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಹೊತ್ತು ಮುಳುಗಿದರೆ ಇವತ್ತಿಗೂ ಇಲ್ಲ, ತಿಥಿ ದಾಟಿದರೆ ಇನ್ನು ಯಾವತ್ತಿಗೂ ಇಲ್ಲ, ಇದು ಇವರದೇ ಕಟ್ಟಳೆ, ನಾನು ಕಟ್ಟಿದ್ದಲ್ಲ. ಮಗ ಬೈರಣ್ಣ ಗುಂಡುಕಲ್ಲು ತಂದು ಕೈಗೆ ಕೊಟ್ಟ. ಇಸಕೊಂಡೆ. ಕೆಳಗಿಟ್ಟೆ. ಅದರ ಮೇಲೆ ಕೂತೆ.

ಎದ್ದೇಳವ್ವಾ, ಮಾನ ಕಳೀಬ್ಯಾಡ, ಜನ ನೋಡ್ತಾವ್ರೆ — ನೋಡ್ಲಿ ಬುಡೋ, ವಡೆ ತಿಂದವ್ರೆ, ಅರಗಬೇಕಲ್ಲ. ಅವನ ಕಣ್ಣೂ ಕೆಂಪಗಿದೆ ಪಾಪ, ಮಗನನ್ನು ಕಳೆದುಕೊಂಡವನು, ಆದರೂ ಊರಿಗೆ ಹೆದರುತ್ತಾನೆ. ಪುರಾಣ ಹೇಳಲು ಕರೆಸಿದ್ದ ಪರಮಶಿವಯ್ಯನವರು ಶಾಲು ಸರಿಮಾಡಿಕೊಂಡು ಬಂದರು, ಮಧ್ಯಾಹ್ನ ಪೂರ್ತಿ ಸಾವಿತ್ರಿಯ ಕಥೆ ಹೇಳಿದ ಬಾಯಿ, ಅಜ್ಜೀ, ಸಾವಿತ್ರಿ ಥರ ಹೆಣ್ಣಿಗೆ ತಾಳ್ಮೆ ಇರಬೇಕು, ಏಳಿ. ತಾಳ್ಮೆಯಂತೆ! ಮೈಯೆಲ್ಲ ಉರಿದು ಹೋಯಿತು. ಸ್ವಾಮಿ, ಹಿಂದಕ್ಕೆ ಹೋಗಮ್ಮ ಅಂತ ಯಮ ಅಂದಾಗ ಅವಳು ಹೋದ್ಲಾ? ಹೋಗ್ಲಿಲ್ಲ. ಯಮನ ಮಾತೇ ಕೇಳದೇ ಇದ್ದೋಳ ಕತೆ ಹೇಳ್ಬುಟ್ಟು ನನ್ನ ಎದ್ದೇಳು ಅಂತೀರಲ್ಲ, ನೀವೇನು ಯಮನಿಗಿಂತ ದೊಡ್ಡೋರಾ? ಯಾರೋ ಕಿಸಕ್ಕೆಂದರು. ಬೆಳಗಾಗೆದ್ದು ತಾರೆ, ಮಂಡೋದರಿ ಅಂತ ಹೆಸ್ರು ಹೇಳಿ ಕೈಮುಗೀತೀರಲ್ಲ, ವಾಲಿ ಬದುಕವ್ನಾ? ರಾವಣ ಬದುಕವ್ನಾ? ಆ ಗಂಡ ಸತ್ತೋರ ಹೆಸ್ರು ಹೇಳಿದ್ರೆ ನಿಮ್ ಪಾಪ ಹೋಗುತ್ತೆ, ನಮ್ ಪಂಕಜಾ ಎದುರು ಬಂದ್ರೆ ಅಪಶಕುನ, ಯಾವ ನ್ಯಾಯ ಸ್ವಾಮಿ ಇದು? ಅವರು ಕೆರೆ ನೋಡಿದರು. ದ್ರೌಪದಿ ತುಂಬಿದ ಸಭೆಯಲ್ಲಿ ಕೇಳಿದಾಗಲೂ ದೊಡ್ಡವರು ಹೀಗೇ ಎಲ್ಲೋ ನೋಡುತ್ತಿದ್ದರಲ್ಲವೇ, ತನ್ನನ್ನೇ ಸೋತವನು ನನ್ನನ್ನು ಹೇಗೆ ಪಣಕ್ಕಿಟ್ಟ ಅಂತ ಅವಳು ಕೇಳಿದ್ದಕ್ಕೆ ಇವತ್ತಿನವರೆಗೂ ಯಾರೂ ನೆಟ್ಟಗೆ ಉತ್ತರ ಹೇಳಿಲ್ಲ, ಅವಳ ಸೀರೆಯ ಕಥೆ ಮಾತ್ರ ರಾಗವಾಗಿ ಹೇಳುತ್ತಾರೆ, ಕೇಳಿದ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ.

ನನ್ನ ಮಣಿಕಟ್ಟಿನ ಗಾಯದ ಗುರುತು ನವೆಯಾಗುತ್ತಿದೆ. ನನ್ನ ಗಂಡ ಸತ್ತಾಗಲೂ ಇದೇ ಏರಿ, ನನ್ನ ಅತ್ತೆಯ ಕೈ, ಬೇಗ ಮುಗೀಲಿ ಅಂತ ಅವಳು ಜೋರಾಗಿಯೇ ಹೊಡೆದಳು, ಬಳೆಯ ಚೂರು ಒಳಗೇ ಉಳಿದು ಕೀವಾಗಿತ್ತು, ಆವತ್ತು ನನಗಾಗಿ ಯಾರೂ ಕೂರಲಿಲ್ಲ. ಸಾವಿತ್ರಿಗೆ ವಯಸ್ಸಿತ್ತು, ಯಮನ ಹಿಂದೆ ನಡೆದಳು, ನನ್ನ ಮಂಡಿಗೆ ನಡೆಯಲಾಗುವುದಿಲ್ಲ, ಕೂರುವುದೊಂದೇ ಬರುತ್ತದೆ, ಉಚ್ಚೆ ಬೇರೆ ಒತ್ತುತ್ತಿದೆ ಹಾಳಾದ್ದು, ತಾಯಿ ಬನಶಂಕರಿ, ನಿನ್ನ ಕೈತುಂಬ ಹಸಿರು ಬಳೆ ಇಟ್ಟುಕೊಂಡಿದ್ದೀಯಲ್ಲ, ಇನ್ನೊಂದು ಸ್ವಲ್ಪ ಹೊತ್ತು ನನ್ನನ್ನು ಹಿಡಿದಿಡು — ಅವ್ವಾ, ಎತ್ತುಬುಡ್ತೀನಿ ನೋಡು, ಬೈರಣ್ಣ ಕಂಕುಳಿಗೆ ಕೈ ಹಾಕಿದ, ಎತ್ತೋ, ಎತ್ತಿ ಪಂಕಜಾ ಮುಂದೆ ಕೂರ್ಸು, ಕಲ್ಲು ಹಿಡಿಯೋ ಕೈ ನಂದಲ್ವಾ, ಅದನ್ನ ಹೆಂಗೆ ಎತ್ತಿಸ್ತೀಯ? ಅವನ ಕೈ ಸಡಿಲವಾಯಿತು, ಹೆಗಲ ಮೇಲೆ ಬಿಸಿ ಹನಿ ಬಿತ್ತು, ಅಳು ಮಗನೇ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹೊತ್ತು ಹುಣಸೆಮರದ ಹಿಂದೆ ಇಳಿಯಿತು, ನೀರು ಕೆಂಪಾಯಿತು, ಬೂದಿಯಾಯಿತು, ಗೌರಮ್ಮ ಮೊದಲು ಹೊರಟಳು, ಶಾಲು ಕೊಡವಿ ಪರಮಶಿವಯ್ಯ, ಒಬ್ಬೊಬ್ಬರೇ — ಪಕ್ಕದಲ್ಲಿ ಯಾರೋ ಬಂದು ಕೂತರು, ನೆಂದ ಸೆರಗು, ತಣ್ಣನೆಯ ಕೈ, ಸೆರಗಿನಿಂದ ಹೊರಗೆ ಬಂದ ಕೈ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು, ಏಳಜ್ಜಿ ಮನೆಗೋಗಾನ, ಅಂದಳು, ಏಳುತ್ತೇನೆ ಇರು, ಕಾಲು ಜೋಮು ಹಿಡಿದಿದೆ, ಕತ್ತಲಲ್ಲಿ ಹಸಿರೋ ಕಪ್ಪೋ ಕಾಣುತ್ತಿಲ್ಲ, ಕಾಣದಿದ್ದರೇನು, ನನ್ನ ಬರಿಗೈಗೆ ತಾಕಿ ಸದ್ದು ಮಾಡುತ್ತಿದೆ, ಬಳೆ, ಹಸಿರು ಬಳೆ, ಹಸಿರು —