ನಾಲ್ಕು ದಿಕ್ಕುಗಳ ಒಡೆಯನ ಮೇಲೆ ಆಣೆ

ಸಿಲ್ಲಿಶಮಾಶ್ ದೊರೆ ನಮ್ಮ ಊರಿನ ಗೋಡೆ ಒಡೆದು ಒಳಗೆ ಬಂದ ದಿನ ಕಾವಲಿಗೆ ನಿಂತಿದ್ದ ನನ್ನ ಗಂಡ ಸತ್ತ. ಅದೇ ಗದ್ದಲದಲ್ಲಿ ಮಗಳು ಅಹಾತು ನನ್ನ ಕೈ ತಪ್ಪಿಹೋದಳು. ಗಂಡನ ಹೆಣ ಬೇಗ ಸಿಕ್ಕಿತು. ಮಗಳು ಸಿಕ್ಕಿದ್ದು ಸುಗ್ಗಿ ಮುಗಿದ ಮೇಲೆ, ಧಾನ್ಯದ ವ್ಯಾಪಾರಿ ಗಿಮಿಲ್ಲುವಿನ ಮನೆಯಲ್ಲಿ, ಬೀಸುಕಲ್ಲಿನ ಮುಂದೆ. ತಲೆ ಬೋಳಿಸಿ ಜೀತದಾಳುಗಳಿಗೆ ಬಿಡುವ ಜುಟ್ಟು ಬಿಟ್ಟಿದ್ದರು. "ನನ್ನ ಮನೆಯಲ್ಲೇ ಹುಟ್ಟಿದ ಆಳು ಇವಳು" ಎಂದು ಆ ಮನುಷ್ಯ ಕಣ್ಣು ಮಿಟುಕಿಸದೆ ಹೇಳಿದ.

ತಾಯಿಯ ಮಾತೊಂದೇ ಸಾಲದು ಎಂದರು ನ್ಯಾಯ ಹೇಳುವವರು. ಮನೆಯ ಹಿರಿಯ ಸೂರ್ಯದೇವನ ಗುಡಿಯ ಬಾಗಿಲಲ್ಲಿ ನಿಂತು, ದೇವರ ಮೇಲೂ ದೊರೆಯ ಮೇಲೂ ಆಣೆ ಮಾಡಿ, ಇವಳು ನನ್ನ ಮೊಮ್ಮಗಳು ಎನ್ನಬೇಕು. ಹಾಗೆ ಆಣೆ ಮಾಡಿದರೆ ಹುಡುಗಿ ನಮ್ಮವಳು. ದೊರೆಯ ಹೆಸರನ್ನು ಬರಿದೇ ಹೇಳುವಂತಿಲ್ಲ, ಬಿರುದುಗಳೆಲ್ಲ ಬರಬೇಕು: ಮಹಾಬಲ, ಸುಮೇರ್ ಅಕ್ಕಾದ್‌ಗಳ ದೊರೆ, ನಾಲ್ಕು ದಿಕ್ಕುಗಳ ಒಡೆಯ.

ನಮ್ಮ ಮನೆಯ ಹಿರಿಯನೆಂದರೆ ಮಾವ ಬೂರಿಯ. ಹಳೆಯ ದೊರೆ ಇಲಿಯೆರ್ರನ ಭರ್ಜಿ ಪಡೆಯಲ್ಲಿ ಹಲ್ಲು ಉದುರುವ ತನಕ ದುಡಿದವನು. ಊರು ಬಿದ್ದ ಮೇಲೆ ಆ ದೊರೆಯನ್ನು ಕಂಡವರಿಲ್ಲ. ಕಾದಾಡುತ್ತಲೇ ಸತ್ತಿರಬೇಕು ಎಂದು ಮಾವ ಹೇಳಿಕೊಂಡು ತಿರುಗುತ್ತಿದ್ದ.

ಆಣೆಯ ಹಿಂದಿನ ದಿನ ರೊಟ್ಟಿ, ಈರುಳ್ಳಿ ಮುಂದಿಟ್ಟು ಬಾಯಿಪಾಠ ಮಾಡಿಸಲು ಕುಳಿತೆ.

"ಹೇಳಿ ಮಾವ. ಸಿಲ್ಲಿಶಮಾಶ್, ಮಹಾಬಲ..."

"ಮಹಾಬಲ! ಅವನಪ್ಪ ಕುರಿ ಕಾಯ್ತಿದ್ದ ಕಣೆ."

"ಕಾಯ್ಲಿ ಬಿಡಿ. ನಾಲ್ಕು ದಿಕ್ಕುಗಳ ಒಡೆಯ ಅನ್ನಿ."

"ಕಾಲುವೆ ದಾಟಿದ್ರೆ ಅವನನ್ನ ನಾಯಿನೂ ಮೂಸಲ್ಲ. ನಾಲ್ಕು ದಿಕ್ಕಂತೆ!"

"ನಿಮ್ಮ ಇಲಿಯೆರ್ರನಿಗೂ ಇದೇ ಬಿರುದು ಇತ್ತಲ್ಲ? ಅವನ ರಾಜ್ಯ ಮುಗೀತಿದ್ದದ್ದೂ ಇದೇ ಕಾಲುವೆಗೆ."

ಮಾವ ರೊಟ್ಟಿ ಕೆಳಗಿಟ್ಟ. "ನನ್ನ ಮಗನ್ನ ಕೊಂದವನನ್ನ ನಾನು ಹೊಗಳಬೇಕಾ?"

"ಆ ಮಗ ನನಗೂ ಗಂಡ. ಹುಡುಗಿಗೋಸ್ಕರ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ."

ಬಿದ್ದೆ ಕೂಡ. ಕೊನೆಗೆ ಒಂದೂ ಬಿಡದೆ ಎಲ್ಲ ಬಿರುದು ಹೇಳಿದ. ನಾನು ಅಹಾತುವಿನ ಹಾಸಿಗೆ ಕೊಡವಿ ಬಿಸಿಲಿಗೆ ಹಾಕಿದೆ.

ಮರುದಿನ ಗುಡಿಯ ಬಾಗಿಲಲ್ಲಿ ಜನವೋ ಜನ. ಮಾವನ ಜೊತೆ ಭರ್ಜಿ ಹಿಡಿದಿದ್ದ ಮುದುಕರೆಲ್ಲ ಬಂದು ಸಾಲಾಗಿ ನಿಂತಿದ್ದರು. ಆಚೆ ಬದಿಯಲ್ಲಿ ಗಿಮಿಲ್ಲುವಿನ ಪಕ್ಕ ಅಹಾತು. ಮಾವ, ಆಣೆ ಮಾಡುವವರು ಹಿಡಿಯಬೇಕಾದ ದೇವರ ಕಂಚಿನ ಗರಗಸ ಹಿಡಿದು ಸೂರ್ಯದೇವನ ಹೆಸರು ಹೇಳಿದ. ಆಮೇಲೆ ತಲೆಯೆತ್ತಿ ಹಳೆಯ ಗೆಳೆಯರನ್ನು ನೋಡಿದ. ಎದೆ ಸೆಟೆಸಿದ. "ಇಲಿಯೆರ್ರ," ಎಂದ, "ಮಹಾಬಲ, ಸುಮೇರ್ ಅಕ್ಕಾದ್‌ಗಳ ದೊರೆ, ನಾಲ್ಕು ದಿಕ್ಕುಗಳ ಒಡೆಯ!"

ನ್ಯಾಯ ಹೇಳುವವನು ಕೆಟ್ಟವನಲ್ಲ. "ಯಜಮಾನ, ಬಾಯಿ ತಪ್ಪಿರಬೇಕು. ಇನ್ನೊಂದು ಸಲ ಹೇಳು" ಎಂದ.

"ಅಜ್ಜ, ಸಿಲ್ಲಿಶಮಾಶ್ ಅಂತ ಹೇಳು," ಎಂದು ಅಹಾತು ಅಲ್ಲಿಂದಲೇ ಹೇಳಿಕೊಟ್ಟಳು. "ಸಿಲ್ಲಿಶಮಾಶ್, ಅಜ್ಜ!"

ಮಾವ ಇನ್ನೊಂದು ಸಲವೂ ಇಲಿಯೆರ್ರ ಎಂದೇ ಹೇಳಿದ. ಇಲ್ಲದ ದೊರೆಯ ಮೇಲೆ ಮಾಡಿದ್ದು ಆಣೆಯಲ್ಲ ಎಂದು ತೀರ್ಪಾಯಿತು. ಗಿಮಿಲ್ಲು ನನ್ನ ಮಗಳ ರಟ್ಟೆ ಹಿಡಿದು ಕರೆದುಕೊಂಡು ಹೋದ.

ಅವತ್ತಿನಿಂದ ಊರಿಗೆ ಮಾವ ದೊಡ್ಡ ಮನುಷ್ಯ. ಹೆಂಡದಂಗಡಿಯಲ್ಲಿ ಅವನಿಗೆ ಜಾಗ ಬಿಟ್ಟು ಏಳುತ್ತಿದ್ದರು. "ಗಂಡಸು ಅಂದ್ರೆ ಬೂರಿಯ" ಎನ್ನುತ್ತಿದ್ದರು. ಮನೆಯಲ್ಲಿ ಅವನ ಬಟ್ಟಲಿಗೆ ಗಂಜಿ ಬಡಿಸುವವಳು ನಾನು.

ಖರ್ಜೂರ ಕೀಳುವ ಕಾಲಕ್ಕೆ ಸಿಲ್ಲಿಶಮಾಶನ ರಾಜಧಾನಿಯಿಂದ ಒಬ್ಬ ದೋಣಿಯವನು ಬಂದ. ಅವನು ಕಟ್ಟೆಯ ಮೇಲೆ ಆಡುತ್ತಿದ್ದ ಮಾತು ಕಿವಿಗೆ ಬಿದ್ದದ್ದೇ ಅವನನ್ನು ಮನೆಗೆ ಎಳೆದು ತಂದು ಮಾವನ ಮುಂದೆ ನಿಲ್ಲಿಸಿದೆ.

"ಇನ್ನೊಂದು ಸಲ ಹೇಳಪ್ಪ."

"ಇಲಿಯೆರ್ರ ತಾನೆ? ಬದುಕಿದಾನೆ. ಊರು ಬೀಳೋಕೆ ಮೊದಲೇ ದೋಣಿ ಹತ್ತಿ ಬಂದು ನಮ್ಮ ದೊರೆ ಕಾಲಿಗೆ ಬಿದ್ದನಂತೆ. ಈಗ ಅರಮನೆ ಪಂಕ್ತೀಲಿ ಊಟ, ಮೈ ಕೈ ತುಂಬ್ಕೊಂಡಿದಾನೆ. ಊಟಕ್ಕೆ ಮುಂಚೆ ಸಿಲ್ಲಿಶಮಾಶನ ಬಿರುದು ಕೂಗ್ಬೇಕಲ್ಲ, ಎಲ್ಲರಿಗಿಂತ ಜೋರಾಗಿ ಕೂಗೋನು ಅವನೇ."

ಮಾವನ ಮುಖವನ್ನೇ ನೋಡುತ್ತ ನಿಂತೆ. ಎದೆ ಒಡೆದುಕೊಂಡು ಅಳಲಿ ಎಂದು ಕಾದೆ. ಅವನು ಗಂಜಿ ಮುಗಿಸಿ ಬಾಯಿ ಒರೆಸಿಕೊಂಡ.

"ಪಾಪ ಕಣೆ," ಎಂದ. "ದೊರೆಯಾದ್ರೇನು, ಜೀವ ಉಳಿಸ್ಕೋಬೇಕು ಅಂದ್ರೆ ಒಂದು ಮಾತು ಅನ್ನಬೇಕಾಗುತ್ತೆ. ಅದ್ರಲ್ಲಿ ತಪ್ಪೇನಿದೆ?"