ಉಡಿಕೆ ಸೀರೆ

“ತಾಳಿ ಕಟ್ಟಿದ್ನಾ, ಇಲ್ಲಾ ಸುಮ್ನೆ ಇಟ್ಕೊಂಡಿದ್ನಾ? ಅಷ್ಟು ಬೊಗಳು ಸಾಕು.”

ರೆವಿನ್ಯೂ ಇನ್ಸ್‌ಪೆಕ್ಟರ್ ರಂಗಸ್ವಾಮಿ ಎಲೆಯಡಿಕೆ ಜಗಿಯುತ್ತ ಕೇಳಿದ. ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಎಸ್ಟೇಟ್ ಧಣಿ ದೇವೇಂದ್ರ ನಕ್ಕ. ಚೌಡಮ್ಮ ಬಾಗಿಲಲ್ಲೇ ನಿಂತಿದ್ದಳು. ಕೂತ್ಕೋ ಅನ್ನುವ ಮಾತು ಕಚೇರಿಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ, ಇವತ್ತೇನು ಬರುತ್ತದೆಯೇ!

“ಉಡಿಕೆ ಆಗಿತ್ತು ಸ್ವಾಮಿ. ನನ್ ಮೊದಲ್ನೇ ಗಂಡ ಸತ್ತೋಗಿದ್ದ. ಗಂಡ ಸತ್ತೋಳಿಗೆ ತಾಳಿ ಕಟ್ಟಲ್ಲ, ಸೀರೆ ಉಡುಸ್ತಾರೆ. ನಮ್ ಕುಲದಾಗೆ ಅದೇ ಮದ್ವೆ.”

“ಸೀರೆ ಕೊಟ್ಟೋರೆಲ್ಲಾ ಗಂಡಂದಿರಾದ್ರೆ, ಬಟ್ಟೆ ಅಂಗಡಿಯೋನಿಗೆ ಎಷ್ಟ್ ಹೆಂಡ್ರು ಮಾರಾಯ!” ಎಂದ ದೇವೇಂದ್ರ.

ಹೊಂಗಡಹಳ್ಳದ ಆಚೆ, ದೇವೇಂದ್ರನ ಎಸ್ಟೇಟಿನ ಬೇಲಿಗೆ ಅಂಟಿಕೊಂಡ ಒಂದೂವರೆ ಎಕರೆಗೆ ಈ ನಗು. ಹಗಲೆಲ್ಲ ಧಣಿಯ ತೋಟದಲ್ಲಿ ಕೂಲಿ ಮಾಡಿ, ಸಂಜೆ ಅಲ್ಲಿ ಲಂಟಾನ ಕಡಿದು, ಗುಂಡಿ ತೋಡಿ, ಕಾಫಿ ಗಿಡ ನೆಟ್ಟವರು ಚೌಡಮ್ಮ, ಅವಳ ಉಡಿಕೆಯ ಗಂಡ ಕುಳ್ಳಯ್ಯ ಇಬ್ಬರೂ. ಸಾಗುವಳಿ ಚೀಟಿ ಬಂದದ್ದು ಮಾತ್ರ ಕುಳ್ಳಯ್ಯನ ಹೆಸರಿಗೆ. ಹೆಂಗಸಿನ ಹೆಸರು ಕೇಳುವವರು ಯಾರು! ಮಳೆ ಹಿಡಿಯುವ ಮುಂಚೆ ಕುಳ್ಳಯ್ಯ ಧಣಿಯ ತೋಟದಲ್ಲೇ ನೆರಳುಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತ. ಅಣ್ಣನಿಗೆ ಹೆಂಡತಿಯೇ ಇರಲಿಲ್ಲ, ವಾರಸುದಾರ ನಾನೇ ಎಂದು ತಮ್ಮ ಲಕ್ಕಯ್ಯ ಧಣಿಗೆ ನೆಲ ಬರೆದು ಹೆಬ್ಬೆಟ್ಟು ಒತ್ತಿಬಿಟ್ಟ. ಇವತ್ತು ಚೌಡಮ್ಮ ಹೆಂಡತಿ ಅಲ್ಲವೆಂದು ತೀರ್ಮಾನವಾದರೆ ನೆಲ ಹೋಯಿತು.

“ಸೀರೆ ಉಡ್ಸಿದ್ದಕ್ಕೆ ಸಾಕ್ಷಿ?”

“ಕುಲದ ಯಜಮಾನ್ರು ಬಂದವ್ರೆ ಸ್ವಾಮಿ.”

ಯಜಮಾನ ಗುಂಡಯ್ಯ ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಬಂದ. ಧಣಿಯನ್ನು ಕಂಡ. ಅವನ ಮನೆ ಇದ್ದದ್ದು ಧಣಿ ಕೂಲಿಯಾಳುಗಳಿಗೆ ಕಟ್ಟಿಸಿದ ಲೈನಿನಲ್ಲಿ.

“ನಂಗೆ ನೆಪ್ಪಿಲ್ಲ ಬುದ್ಧೀ.”

“ಯಣ್ಣೋ! ನಿನ್ ಕೈಯಾರ ಸೀರೆ ಕೊಟ್ಟು, ಕುಳ್ಳನ್ ಮನೆ ದೀಪ ಹಚ್ಚೋಗವ್ವಾ ಅಂದ್ಯಲ್ಲೋ! ಥೂ, ನಿನ್ ಬಾಯಿಗ್ ಹುಳ ಬೀಳ!”

ಗುಂಡಯ್ಯ ಧಣಿಗೆ ಕೈಮುಗಿದು ಹೊರಗೆ ಹೋದ.

“ಹೋಗ್ಲಿ, ಆ ಸೀರೆನಾದ್ರೂ ತಂದು ತೋರ್ಸು. ಬರ್ಕೊಳ್ತೀನಿ,” ಎಂದ ರಂಗಸ್ವಾಮಿ.

ಉಡಿಕೆ ಸೀರೆಯನ್ನು ಗಂಡ ಸತ್ತಾಗ ಅವನ ಮೇಲೇ ಹೊದಿಸಿ ಮಣ್ಣು ಮಾಡಬೇಕು. ಋಣ ಹರಿಯಿತು ಎಂದು ಲೆಕ್ಕ. ಅವತ್ತು ಹೊದಿಸಿದವನೂ ಇದೇ ಗುಂಡಯ್ಯನೇ.

“ಅದು ಅವ್ನ್ ಜತೇಲೆ ಮಣ್ಣಾಗೈತೆ ಸ್ವಾಮಿ.”

“ಹಂಗಾದ್ರೆ ಅವ್ನನ್ನೇ ಕೇಳ್ಕೊಂಡ್ ಬಾ ಹೋಗು, ಮುಂಡೆ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚೌಡಮ್ಮ ನಗಲಿಲ್ಲ. ಸಾಹೇಬರು ಹೇಳಿದ್ದು ಅವಳಿಗೆ ಸರಿಯಾಗಿಯೇ ಕೇಳಿಸಿತ್ತು.

ಮಾರನೆಯ ಬೆಳಗ್ಗೆ, ಎಲ್ಲರೂ ನೋಡುತ್ತಿರುವಾಗಲೇ, ತಮ್ಮ ಒಂದೂವರೆ ಎಕರೆಯ ಮೂಲೆಯಲ್ಲಿದ್ದ ಕುಳ್ಳಯ್ಯನ ಗೋರಿಗೆ ಗುದ್ದಲಿ ಹಾಕಿದಳು. ಬೇಲಿಯಾಚೆ ಕಾಫಿ ಹಣ್ಣು ಬಿಡಿಸುತ್ತಿದ್ದ ಹೆಣ್ಣಾಳುಗಳ ಕೈಗಳು ನಿಂತವು. ಗುಂಡಯ್ಯ ಬಿದ್ದೆನೋ ಎದ್ದೆನೋ ಎಂದು ಓಡಿಬಂದ.

“ಬ್ಯಾಡ ಕಣವ್ವಾ! ಸತ್ತೋನ ಕೆಣುಕ್ಬಾರ್ದು!”

“ಬದ್ಕಿರೋನು ಬಾಯ್ ಬಿಡ್ಲಿಲ್ವಲ್ಲ. ಸತ್ತೋನ್ನಾರ ಕೇಳ್ತೀನಿ. ಸರ್ಕಳೋ ಬೋಳಿಮಗ್ನೆ!”

ಮಣ್ಣು ಸಡಿಲವಿತ್ತು. ಗುದ್ದಲಿಗೆ ಹಸಿರು ನೈಲಾನ್ ಸಿಕ್ಕಿತು. ಅವಳು ಗುದ್ದಲಿ ಬಿಸಾಕಿ ಕೈಯಿಂದಲೇ ಕೆದರತೊಡಗಿದಳು. ಅಳು ತಡೆಯಲಾಗಲಿಲ್ಲ.

“ತಪ್ಪಾಯ್ತು ಕಣ್ ಕುಳ್ಳಾ. ಹೊದ್ದಿರೋದ್ನ ಕಿತ್ಕಳ್ತಾ ಇವ್ನಿ. ಚಳಿ ಆದ್ರೆ ನನ್ನೇ ಬೈಕೋ.”

ಮಧ್ಯಾಹ್ನ ಕಚೇರಿಯ ಮೇಜಿನ ಮೇಲೆ ಸೀರೆ ಬಿಚ್ಚಿಕೊಂಡಿತು. ನಾತಕ್ಕೆ ರಂಗಸ್ವಾಮಿ ಕುರ್ಚಿ ಕೆಡವಿಕೊಂಡು ಹೊರಗೋಡಿದ. ಅವಳನ್ನು ಮುಟ್ಟಿ ಎಳೆಯಲು ಯಾರೂ ಮುಂದೆ ಬರಲಿಲ್ಲ. ಪಕ್ಕದ ಕೋಣೆಯಿಂದ ಪೊಲೀಸರಿಗೆ ಫೋನು ಮಾಡುತ್ತಿದ್ದ ಅವನ ಗಂಟಲು ಇಲ್ಲಿಗೂ ಕೇಳುತ್ತಿತ್ತು.

“ಬೇಗ ಬನ್ರೀ! ಯಾವಳೋ ಹುಚ್ಚಿ ಗಂಡನ ಗೋರೀನೇ ಅಗೆದವಳೆ! ಹ್ಞೂಂ ಕಣ್ರೀ, ಅವಳ ಗಂಡಂದೇ!”

ಚೌಡಮ್ಮ ನಿನ್ನೆ ದೇವೇಂದ್ರ ಕೂತಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು.

“ಅದ್ನೇ ಬರ್ಕಳಿ ಸ್ವಾಮೀ!” ಎಂದು ಕೂಗಿದಳು. “ಈಗಂದ್ರಲ್ಲ, ಅದ್ನೇ ಬರ್ಕಳಿ!”

ಬರೆದುಕೊಳ್ಳಲು ಯಾರೂ ಬರಲಿಲ್ಲ. ಆಮೇಲೆ ಜೀಪು ಬಂತು. ಅದನ್ನು ಹತ್ತುವಾಗ ಚೌಡಮ್ಮ ತಿರುಗಿ ನೋಡಿದಳು. ಜವಾನ ಸೀರೆಯನ್ನು ಕೋಲಿನಲ್ಲಿ ಎತ್ತಿ ತಂದು ಕಚೇರಿಯ ಹಿತ್ತಲಿಗೆ ಹಾಕಿ, ಸೀಮೆಎಣ್ಣೆ ಸುರಿಯುತ್ತಿದ್ದ.